ಕೀಚಕ ಸತ್ತ ರಾತ್ರಿ ಊರಿಗೆ ಊರೇ ಶಿಳ್ಳೆ ಹಾಕಿದ್ದೇಕೆ?

ನಮ್ಮೂರು ಸಿರುಗುಪ್ಪ ತಾಲ್ಲೂಕಿನದು. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದು ಉಗಾದಿ ಕಳೆಯಿತೆಂದರೆ ಬಯಲಾಟ ಕಟ್ಟಾಯ. ಆ ವರ್ಷದ್ದು ಕೀಚಕ ವಧೆ. ರಾತ್ರಿ ಹತ್ತಕ್ಕೆ ಗಣಪತಿ ಸ್ತುತಿ ಆಗಿ, ಪಾತ್ರಗಳು ಒಂದೊಂದಾಗಿ ಬಂದು ಆಟ ನಡೆಸುವ ಸಾರಥಿಗೆ ತಮ್ಮ ಹೆಸರು, ಕುಲ ಹೇಳಿಕೊಳ್ಳುವಷ್ಟರಲ್ಲೇ ನಡುರಾತ್ರಿ ದಾಟಿತ್ತು. ಕೀಚಕ ನಾಟ್ಯಶಾಲೆಗೆ ಬರುವ ಹೊತ್ತಿಗೆ ನಸುಕಿನ ನಾಲ್ಕು ಗಂಟೆ. ಚಾಪೆಯ ಮೇಲೆ ಉರುಳಿದ್ದ ಮಕ್ಕಳನ್ನೆಲ್ಲ ತಟ್ಟಿ ಎಬ್ಬಿಸಿದರು. ಸೀರೆ ಹೊದ್ದು ಮಲಗಿದ್ದ ಭೀಮ ಎದ್ದು ನಿಂತ. ನನ್ನ ಪಕ್ಕದಲ್ಲಿದ್ದ ದೊಡ್ಡವ್ವ, ಕೋಳಿ ಕೊಯ್ಯುವುದನ್ನು ಸಹ ನೋಡಲಾರದವಳು, ಮೊಣಕಾಲ ಮೇಲೆದ್ದು "ಬಿಡಬ್ಯಾಡಪ್ಪೋ ಭೀಮಪ್ಪ, ಬಿಡಬ್ಯಾಡ ಅವನ್ನ!" ಎಂದು ಕೂಗಿದಳು. ಶಿಳ್ಳೆಗಳ ಗದ್ದಲದಲ್ಲಿ ಮದ್ದಳೆ ಕೇಳಿಸಲಿಲ್ಲ. ಊರಿನವರೊಬ್ಬರು ಅಟ್ಟ ಹತ್ತಿ ಭೀಮನ ಎದೆಗೆ ಐವತ್ತರ ನೋಟು ಚುಚ್ಚಿದರು. ಸಹನೆ ಬೋಧಿಸುತ್ತ ಕೂತಿದ್ದ ಧರ್ಮರಾಯನಿಗೆ ಬೆಳಗಿನ ತನಕ ಒಂದು ನೋಟೂ ಬೀಳಲಿಲ್ಲ.

ಆ ನೋಟಿನ ಲೆಕ್ಕ ನನ್ನ ತಲೆಯಲ್ಲಿ ಇವತ್ತಿಗೂ ಇದೆ. ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಜಗಳವೆಂದರೆ ದೂರ ಸರಿಯುವ ಜನ. ಹೊಲದ ಬದುವಿನ ತಕರಾರಿಗೂ ಹಿರಿಯರನ್ನು ಕರೆಸುವವರು, ಅದೂ ಆಗದಿದ್ದರೆ ಸಿರುಗುಪ್ಪಕ್ಕೆ ಬಸ್ಸು ಹಿಡಿದು ಅರ್ಜಿ ಕೊಟ್ಟು ಬರುವವರು. ಅಂಥವರು ಕತ್ತಲಲ್ಲಿ, ಕಾನೂನಿನ ಕಣ್ಣಿಗೆ ಬೀಳದಂತೆ, ಮೋಸದಿಂದ ಕರೆಸಿ ಕೊಂದ ಕೊಲೆಯೊಂದನ್ನು ಹಬ್ಬದ ಹಾಗೆ ಅನುಭವಿಸಿದರು. ಸಿನಿಮಾ ಟಾಕೀಸಿನಲ್ಲಿ ಆಗುವುದೂ ಇದೇ, ಕಾದಂಬರಿ ಓದುವಾಗ ಆಗುವುದೂ ಇದೇ. ಕಾನೂನನ್ನು ತಾನೇ ಕೈಗೆ ತೆಗೆದುಕೊಂಡು ಕೆಟ್ಟವರನ್ನು ಶಿಕ್ಷಿಸುವವನು ಕತೆಯಲ್ಲಿ ಬಂದರೆ ನಮ್ಮೊಳಗಿನ ಒಳ್ಳೆಯತನವೇ ಅವನ ಬೆನ್ನಿಗೆ ನಿಲ್ಲುತ್ತದೆ. ಇದರಲ್ಲಿ ವಿಚಿತ್ರವಾದದ್ದು ಹಿಂಸೆ ನಮಗೆ ಇಷ್ಟವಾಗುವುದಲ್ಲ. ಆ ಹಿಂಸೆ ನಮಗೆ ಧರ್ಮವಾಗಿ ಕಾಣುವುದು.

ಇಂಥ ಪಾತ್ರಕ್ಕೆ ಈಗ ಎಲ್ಲರೂ ಆಂಟಿಹೀರೋ ಅನ್ನುತ್ತಾರೆ. ಆದರೆ ಆ ಮಾತಿನ ಅಡಿಯಲ್ಲಿ ಬೇರೆ ಬೇರೆ ಜನ ಸೇರಿಕೊಂಡಿದ್ದಾರೆ. ಬಡವನಾಗಿ ಹುಟ್ಟಿ ಹೊಡೆದಾಡಿ ಸಾಮ್ರಾಜ್ಯ ಕಟ್ಟುವ ಡಾನ್ ಒಬ್ಬ. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದ 'ಕೆಜಿಎಫ್' ಸಿನಿಮಾದ ನಾಯಕ ಆ ಜಾತಿಯವನು. ಅವನ ಗುರಿ ಅಧಿಕಾರ, ನ್ಯಾಯ ದಾರಿಯಲ್ಲಿ ಸಿಕ್ಕರೆ ಸಿಕ್ಕಿತು. ನಾನಿಲ್ಲಿ ಹೇಳುತ್ತಿರುವವನು ಬೇರೆ. ಅವನಿಗೆ ಬೇಕಿರುವುದು ಒಂದು ತೀರ್ಪು. ನ್ಯಾಯಾಧೀಶ ಕೊಡಬೇಕಿದ್ದ ತೀರ್ಪನ್ನು ತಾನು ಕೊಡುತ್ತಾನೆ, ಪೊಲೀಸ್ ಮಾಡಬೇಕಿದ್ದ ಕೆಲಸವನ್ನು ತಾನು ಮಾಡುತ್ತಾನೆ. ಅಮೆರಿಕದ ಕಾಮಿಕ್ಸ್‌ನಲ್ಲಿ 1939ರಲ್ಲಿ ಹುಟ್ಟಿದ ಬ್ಯಾಟ್‌ಮನ್, 1974ರಲ್ಲಿ ಬಂದ ಪನಿಷರ್ ಇಂಥವರು. ನಮ್ಮಲ್ಲಿ 1981ರ 'ಅಂತ' ಸಿನಿಮಾ ಇದಕ್ಕೆ ದೊಡ್ಡ ಹೆಜ್ಜೆ. ಅದರಲ್ಲಿ ಅಂಬರೀಷ್ ಮಾಡಿದ ಇನ್‌ಸ್ಪೆಕ್ಟರ್, ತನ್ನಂತೆಯೇ ಇರುವ ಪಾತಕಿಯೊಬ್ಬನ ವೇಷದಲ್ಲಿ ಆ ಲೋಕದೊಳಕ್ಕೆ ಇಳಿಯುತ್ತಾನೆ. 1996ರಲ್ಲಿ ಕಮಲ ಹಾಸನ್ ಮಾಡಿದ ಮುದಿ ಸ್ವಾತಂತ್ರ್ಯ ಹೋರಾಟಗಾರ, ಲಂಚಕೋರ ಅಧಿಕಾರಿಗಳನ್ನು ಕೊಲ್ಲುತ್ತ ಹೋಗುವ ಸಿನಿಮಾವನ್ನು ನಾವು ಬಳ್ಳಾರಿಯಲ್ಲಿ ತೆಲುಗಿನ 'ಭಾರತೀಯುಡು' ಆಗಿ ನೋಡಿದೆವು. ಇವರೆಲ್ಲರಿಗೂ ಹಿರಿಯಣ್ಣ ಮಾತ್ರ ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದ ವಲಲ, ಅಂದರೆ ಅಜ್ಞಾತವಾಸದಲ್ಲಿ ವೇಷ ಮರೆಸಿಕೊಂಡಿದ್ದ ಭೀಮ. ಹಾಗಾಗಿ ಈ ಕತೆಗಳು ನಮ್ಮನ್ನು ಹೇಗೆ ಹಿಡಿಯುತ್ತವೆ ಎಂದು ತಿಳಿಯಲು ವಿರಾಟಪರ್ವವನ್ನೇ ಬಿಚ್ಚಿ ನೋಡುವುದು ಒಳ್ಳೆಯದು. ಮಳೆ ಕೈಕೊಟ್ಟ ವರ್ಷ ಊರ ಗುಡಿಯಲ್ಲಿ ಓದಿಸುವ ಪರ್ವವೂ ಅದೇ ತಾನೆ.

ಕೀಚಕನ ಕತೆಯಲ್ಲಿ ಭೀಮ ಬರುವುದು ಬಹಳ ತಡವಾಗಿ. ಅದಕ್ಕೂ ಮುಂಚೆ ದ್ರೌಪದಿ ತಟ್ಟುವ ಬಾಗಿಲುಗಳ ಸಾಲು ಇದೆ. ಕೀಚಕ ಯಾರು? ರಾಣಿ ಸುದೇಷ್ಣೆಯ ತಮ್ಮ, ರಾಜ್ಯದ ಸೇನಾಪತಿ. ಅವನ ಕಣ್ಣು ತನ್ನ ಮೇಲೆ ಬಿದ್ದದ್ದನ್ನು ಸೈರಂಧ್ರಿ ಎಂಬ ದಾಸಿಯ ವೇಷದಲ್ಲಿದ್ದ ದ್ರೌಪದಿ ಮೊದಲು ರಾಣಿಗೆ ಹೇಳುತ್ತಾಳೆ. ಎಲ್ಲ ಗೊತ್ತಿದ್ದೂ ರಾಣಿ ಅವಳನ್ನು ಮದ್ಯ ತರುವ ನೆಪದಲ್ಲಿ ಅವನ ಮನೆಗೇ ಕಳಿಸುತ್ತಾಳೆ. ಅಲ್ಲಿಂದ ತಪ್ಪಿಸಿಕೊಂಡು ಸೈರಂಧ್ರಿ ರಾಜಸಭೆಗೆ ಓಡುತ್ತಾಳೆ. ಕೀಚಕ ಬೆನ್ನಟ್ಟಿ ಬಂದು ತುಂಬಿದ ಸಭೆಯಲ್ಲಿ, ರಾಜನ ಕಣ್ಣೆದುರಿಗೇ ಅವಳನ್ನು ಒದೆಯುತ್ತಾನೆ. ಅವಳು ನ್ಯಾಯ ಕೇಳುತ್ತಾಳೆ. ಆಗ ವಿರಾಟ ಕೊಡುವ ಉತ್ತರ ವ್ಯಾಸಭಾರತದಲ್ಲಿ ಎಷ್ಟು ಹೊಸದಾಗಿ ಕೇಳಿಸುತ್ತದೆಂದರೆ, ಅದನ್ನು ಓದಿದಾಗಲೆಲ್ಲ ನನಗೆ ಯಾವುದೋ ಕಚೇರಿಯ ಕಿಟಕಿ ನೆನಪಾಗುತ್ತದೆ. ನಿಮ್ಮಿಬ್ಬರ ಜಗಳ ನಮ್ಮ ಕಣ್ಣ ಹಿಂದೆ ಆದದ್ದು, ನಿಜಸ್ಥಿತಿ ತಿಳಿಯದೆ ನಾನು ಏನೆಂದು ತೀರ್ಪು ಕೊಡಲಿ, ಎನ್ನುವುದು ಅವನ ಮಾತಿನ ಸಾರ. ಅಲ್ಲೇ ಕಂಕನ ವೇಷದಲ್ಲಿ ಕೂತ ಗಂಡ ಧರ್ಮರಾಯ, ಸಮಯವಲ್ಲ, ಒಳಗೆ ಹೋಗು ಎನ್ನುತ್ತಾನೆ. ಅಣ್ಣನ ಕಣ್ಸನ್ನೆಗೆ ಭೀಮನೂ ಆ ಹೊತ್ತಿಗೆ ತೆಪ್ಪಗಾಗುತ್ತಾನೆ. ರಾಣಿ, ರಾಜ, ಸಭೆ, ಗಂಡ, ನಾಲ್ಕು ಬಾಗಿಲೂ ಮುಚ್ಚಿದ ಮೇಲೆಯೇ ಅವಳು ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವುದು.

ಈ ಸಾಲನ್ನು ತೆಗೆದುಬಿಟ್ಟು ಕತೆ ಹೇಳಿ ನೋಡಿ. ಒಬ್ಬ ಪೈಲ್ವಾನ ಕತ್ತಲ ಕೋಣೆಯಲ್ಲಿ ಅಡಗಿ ಕೂತು ಇನ್ನೊಬ್ಬನನ್ನು ಹಿಸುಕಿ ಕೊಂದ. ಇಷ್ಟಕ್ಕೆ ಯಾರೂ ನೋಟು ಚುಚ್ಚುವುದಿಲ್ಲ. ದೊಡ್ಡವ್ವನನ್ನು ಮೊಣಕಾಲ ಮೇಲೆ ಎಬ್ಬಿಸಿದ್ದು ಆ ಮುಚ್ಚಿದ ಬಾಗಿಲುಗಳು. ಒಂದೊಂದು ಬಾಗಿಲು ಮುಚ್ಚಿದಾಗಲೂ ನೋಡುವವರ ಎದೆಯಲ್ಲಿ ಒಂದು ಸಾಲ ಏರುತ್ತದೆ, ಭೀಮ ಅದನ್ನು ತೀರಿಸುತ್ತಾನೆ. ಈ ಜಾತಿಯ ಯಾವ ಜನಪ್ರಿಯ ಕತೆಯನ್ನಾದರೂ ಎತ್ತಿಕೊಳ್ಳಿ, ಅದರ ಮೊದಲರ್ಧ ದೂರು ಕೊಡುವವರ ಕತೆ. ಠಾಣೆಯಲ್ಲಿ ಬರೆದುಕೊಳ್ಳುವುದಿಲ್ಲ, ಸಾಕ್ಷಿ ತಿರುಗಿ ಬೀಳುತ್ತಾನೆ, ವಕೀಲ ನಗುತ್ತಾನೆ, ಸಾಹುಕಾರನ ಮಗ ಹಾರ ಹಾಕಿಸಿಕೊಂಡು ಹೊರಗೆ ಬರುತ್ತಾನೆ. ನಾಯಕನ ಮೊದಲ ಏಟು ಬೀಳುವ ಹೊತ್ತಿಗೆ ನಾವು ಕಾದು ಕೆಂಡವಾಗಿರುತ್ತೇವೆ.

ನನ್ನ ಅಪ್ಪ ಎರಡು ಎಕರೆ ಹೊಲದ ಪಹಣಿಯಲ್ಲಿ ತಪ್ಪು ಬಿದ್ದ ಹೆಸರನ್ನು ಸರಿಪಡಿಸಲು ಒಂದು ಕಚೇರಿಗೆ ಒಂಬತ್ತು ವರ್ಷ ತಿರುಗಿದರು. ಬಿಳಿ ಅಂಗಿ ಹಾಕಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಹೋಗುವವರು. ಕಿಟಕಿಯ ಆಚೆಯಿಂದ ಬರುತ್ತಿದ್ದ ಮಾತು ಒಂದೇ, "ಸೋಮವಾರ ಬರ್ರಿ." ಯಾರೂ ಅವರನ್ನು ಬೈಯಲಿಲ್ಲ, ಲಂಚವನ್ನೂ ಬಾಯಿ ಬಿಟ್ಟು ಕೇಳಲಿಲ್ಲ. ತಲೆ ಎತ್ತಿ ಮುಖ ನೋಡಲಿಲ್ಲ, ಅಷ್ಟೆ. ಅಂಥ ಒಂದು ಸೋಮವಾರದ ಸಂಜೆ ಅವರು ಬಳ್ಳಾರಿಯಲ್ಲಿ ಬಸ್ಸು ತಪ್ಪಿಸಿಕೊಂಡು ಸಿನಿಮಾಕ್ಕೆ ಹೋಗಿಬಂದಿದ್ದರು. ತೆಲುಗು ಸಿನಿಮಾ. ಅದರಲ್ಲಿ ಒಬ್ಬ ಗುಮಾಸ್ತನನ್ನು ನಾಯಕ ಕಾಲರ್ ಹಿಡಿದು ಕುರ್ಚಿಯಿಂದ ಎಬ್ಬಿಸುವ ದೃಶ್ಯವನ್ನು ಮನೆಗೆ ಬಂದು ಅವ್ವನಿಗೆ ಮೂರು ಸಲ ಹೇಳಿದರು. ಹೊಡೆದದ್ದನ್ನು ಹೇಳಲಿಲ್ಲ. "ಎದ್ದು ನಿಂತ ನೋಡು, ಎದ್ದು ನಿಂತು ಏನ್ರೀ ಅಂದ" ಎಂಬುದನ್ನು ಹೇಳಿದರು. ಈ ಕತೆಗಳ ರುಚಿ ರಕ್ತದಲ್ಲಿದೆ ಎನ್ನುವವರಿಗೆ ನಾನು ಕೊಡುವ ಉತ್ತರ ಇದು. ಅಪ್ಪನಿಗೆ ಬೇಕಿದ್ದದ್ದು ಕೇಳುವ ಕಿವಿ, ಮತ್ತು ಕೇಳಿದವನಿಗೆ ಅದರಿಂದ ಏನೋ ಆಗುವುದು. ಭೀಮನೂ ಮೊದಲು ಮಾಡುವ ಕೆಲಸ ಕೊಲ್ಲುವುದಲ್ಲ. ಆ ರಾತ್ರಿ ಎದ್ದು ಕೂತು ಅವಳ ಮಾತನ್ನೆಲ್ಲ ಕೇಳುತ್ತಾನೆ, ಗಂಧ ತೇದು ದಡ್ಡು ಕಟ್ಟಿದ ಅವಳ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ.

ಆದರೂ ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು ಎಂಬ ಹಂಬಲ ಇದಕ್ಕಿಂತ ಆಳವಾದದ್ದು, ಅದನ್ನು ಅಳೆದು ನೋಡಿದವರಿದ್ದಾರೆ. ಅರ್ನ್ಸ್ಟ್ ಫೆಹ್ರ್ ಮತ್ತು ಸೈಮನ್ ಗೆಕ್ಟರ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿದೆ. ನಾಲ್ಕು ಜನರ ಗುಂಪು. ಪ್ರತಿಯೊಬ್ಬರ ಕೈಯಲ್ಲಿ 20 ಬಿಲ್ಲೆಯಷ್ಟು ಹಣ. ಎಲ್ಲರೂ ಸಾಮಾನ್ಯ ನಿಧಿಗೆ ಹಾಕಿದರೆ ಎಲ್ಲರಿಗೂ ಲಾಭ. ತಾನು ಹಾಕದೆ ಬೇರೆಯವರು ಹಾಕಿದ್ದರಲ್ಲಿ ಪಾಲು ತಿಂದರೆ ಒಬ್ಬನಿಗೆ ಇನ್ನೂ ಹೆಚ್ಚು ಲಾಭ. ಇಷ್ಟನ್ನೇ ಬಿಟ್ಟಾಗ ಸುತ್ತು ಸುತ್ತಿಗೂ ನಿಧಿ ಒಣಗುತ್ತ ಬಂತು. ಆಮೇಲೆ ಒಂದು ನಿಯಮ ಸೇರಿಸಿದರು. ಯಾರಾದರೂ ತಮ್ಮ ಕೈಯಿಂದ ಒಂದು ಬಿಲ್ಲೆ ಖರ್ಚು ಮಾಡಿದರೆ ಕದ್ದವನಿಂದ ಮೂರು ಬಿಲ್ಲೆ ಕಿತ್ತುಹಾಕಬಹುದು. ಕಿತ್ತದ್ದು ಶಿಕ್ಷಿಸಿದವನಿಗೆ ಸಿಗುವುದಿಲ್ಲ. ಮುಂದಿನ ಸುತ್ತಿಗೆ ಗುಂಪೇ ಬದಲಾಗುವುದರಿಂದ ಅವನು ಸುಧಾರಿಸಿದರೂ ಇವನಿಗೆ ಪ್ರಯೋಜನವಿಲ್ಲ. ಆದರೂ ಜನ ತಮ್ಮ ಹಣ ಕಳೆದುಕೊಂಡು ಶಿಕ್ಷಿಸಿದರು, ನಿಧಿ ತುಂಬತೊಡಗಿತು. ಎರಡು ವರ್ಷದ ನಂತರ, 2004ರಲ್ಲಿ, ಇಂಥದ್ದೇ ಆಟ ಆಡುತ್ತಿದ್ದವರ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಮೋಸ ಮಾಡಿದವನನ್ನು ಶಿಕ್ಷಿಸುವ ಹೊತ್ತಿಗೆ ಸಂತೃಪ್ತಿಗೆ ಸಂಬಂಧಪಟ್ಟ ಭಾಗವೇ ಚುರುಕಾಗಿತ್ತು.

ಈ ಪ್ರಯೋಗವನ್ನು ಮಾನ್ವಿ, ಸಿರವಾರದ ಕಡೆಯ ರೈತನಿಗೆ ಹೇಳಿದರೆ ಅವನಿಗೆ ಹೊಸದೇನೂ ಅನ್ನಿಸಲಾರದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರ ಗೋಳು ಅದೇ. ಮೇಲಿನವರು ಪಾಲು ಮೀರಿ ಎತ್ತಿದರೆ ಕೆಳಗಿನವರ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಸರದಿಯಂತೆ ನೀರು ಬಿಡುವ ವಾರಾಬಂದಿಯ ರಾತ್ರಿ ಬ್ಯಾಟರಿ ಹಿಡಿದು ತೂಬು ಕಾಯಲು ಒಬ್ಬ ಹೋಗುತ್ತಾನೆ. ಅವನ ನಿದ್ದೆ ಹಾಳು, ಜಗಳವಾದರೆ ಏಟು ಅವನಿಗೆ, ಉಳಿದ ನೀರು ಮಾತ್ರ ಎಲ್ಲರಿಗೆ. ಅಂಥವನ ಮೇಲೆ ಊರಿಗೆ ಒಂದು ಗೌರವ ಇರುತ್ತದೆ. ಕತೆಯ ನಾಯಕ ಆ ಗೌರವವನ್ನೇ ಕಡ ತೆಗೆದುಕೊಳ್ಳುತ್ತಾನೆ, ಯಾಕೆಂದರೆ ಅವನೂ ತನ್ನದನ್ನು ಕಳೆದುಕೊಂಡು ಶಿಕ್ಷಿಸುವವನು. ಭೀಮ ಆ ರಾತ್ರಿ ಪಣಕ್ಕಿಟ್ಟದ್ದು ಸಣ್ಣದಲ್ಲ. ಅಜ್ಞಾತವಾಸದಲ್ಲಿ ಗುರುತು ಸಿಕ್ಕರೆ ಐವರಿಗೂ ಮತ್ತೆ 12 ವರ್ಷ ಕಾಡು. 1996ರ ಆ ಸಿನಿಮಾದ ಮುದುಕನಂತೂ ಕೊನೆಗೆ ಲಂಚ ತಿಂದು ಮಕ್ಕಳ ಸಾವಿಗೆ ಕಾರಣನಾದ ಸ್ವಂತ ಮಗನನ್ನೇ ಬಿಡುವುದಿಲ್ಲ. ಆ ದೃಶ್ಯ ಕ್ರೂರವಾದದ್ದು, ಆದರೆ ಅವನಿಗೆ ನೈತಿಕ ತೂಕ ಬರುವುದು ಅಲ್ಲಿಯೇ. ಊರಿನವರ ಮಕ್ಕಳಿಗೊಂದು, ತನ್ನ ಮಗನಿಗೊಂದು ಎಂದು ಅವನ ತಕ್ಕಡಿ ಬದಲಾಗಲಿಲ್ಲ.

ನೋವು ಉಂಡವನು ಮಾಡಿದ್ದೆಲ್ಲ ನಮಗೆ ಧರ್ಮವಾಗಿ ಕಾಣುತ್ತದೆಯೇ? ಇಲ್ಲ. ಇದಕ್ಕೆ ನಮ್ಮ ಜಿಲ್ಲೆಯ ರಂಗಭೂಮಿಯಲ್ಲೇ ಪಾಠವಿದೆ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕದಲ್ಲಿ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಮಾಡುತ್ತಿದ್ದ ದ್ರೌಪದಿಯನ್ನು ನೋಡಿದ ಹಿರಿಯರು ಈಗಲೂ ಅದನ್ನು ನೆನೆಯುತ್ತಾರೆ. ಆ ನಾಟಕದ ರಾತ್ರಿ ಅಶ್ವತ್ಥಾಮನದು. ಅವನ ಲೆಕ್ಕ ಹಾಕಿ ನೋಡಿದರೆ ಅವನೂ ಅನ್ಯಾಯ ಉಂಡವನೇ. ಅಪ್ಪ ದ್ರೋಣನಿಗೆ ಸುಳ್ಳು ಹೇಳಿ ಆಯುಧ ಕೆಳಗಿಡಿಸಿ, ಕೈ ಖಾಲಿ ಇದ್ದವನ ತಲೆ ಕಡಿದರು. ಸುಳ್ಳು ಹೇಳಿದ್ದು ಧರ್ಮರಾಯನೇ. ದೂರು ಕೊಡಲು ಅಶ್ವತ್ಥಾಮನಿಗೂ ಸಭೆ ಇರಲಿಲ್ಲ. ಅವನೂ ಭೀಮನ ಹಾಗೆಯೇ ಕತ್ತಲಲ್ಲಿ ಹೋದ, ಅವನೂ ಸೇಡು ತೀರಿಸಿಕೊಂಡ. ಭೀಮನಿಗೆ ಶಿಳ್ಳೆ ಹಾಕಿದ ಜನವೇ ಅಶ್ವತ್ಥಾಮ ಬಿಡಾರ ಹೊಕ್ಕಾಗ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಒಳಗೆ ಮಲಗಿದ್ದವರು ದ್ರೌಪದಿಯ ಐದು ಮಕ್ಕಳು. ದ್ರೋಣನನ್ನು ಕೊಂದ ಧೃಷ್ಟದ್ಯುಮ್ನನೂ ಅದೇ ಬಿಡಾರದಲ್ಲಿ ಸತ್ತ, ಅವನಿಗಾಗಿ ಯಾರೂ ಅಷ್ಟು ಅಳುವುದಿಲ್ಲ. ಏಟು ತಪ್ಪು ಮಾಡಿದವನ ಮೈಯನ್ನು ದಾಟಿ ಪಕ್ಕದವನಿಗೆ ಬಿದ್ದ ಗಳಿಗೆಯಲ್ಲಿ ನೋಡುವವನ ಮನಸ್ಸು ಕಿತ್ತು ಬರುತ್ತದೆ. ಅದಕ್ಕೇ ಕತೆ ಬರೆಯುವವರು ತಮ್ಮ ನಾಯಕನಿಗೆ ಯಾವುದಾದರೂ ಕಟ್ಟು ಹಾಕಿರುತ್ತಾರೆ. ಬ್ಯಾಟ್‌ಮನ್ ಕೊಲ್ಲುವುದಿಲ್ಲ. ಇನ್ನೊಬ್ಬ ಹೆಂಗಸರು, ಮಕ್ಕಳ ತಂಟೆಗೆ ಹೋಗುವುದಿಲ್ಲ. ಮತ್ತೊಬ್ಬ ತಪ್ಪೊಪ್ಪಿಗೆ ಕೇಳದೆ ಕತ್ತಿ ಎತ್ತುವುದಿಲ್ಲ. ನೋಡುವವನು ಹಿಡಿದುಕೊಂಡಿರುವುದು ಆ ಕಟ್ಟನ್ನು. ಅದು ಹರಿದ ದಿನ ಅವನೂ ಕೈಬಿಡುತ್ತಾನೆ.

ಇದಕ್ಕಿಂತ ದೊಡ್ಡ ವರವೊಂದನ್ನು ಕತೆ ನಮಗೆ ಕೊಟ್ಟಿರುತ್ತದೆ, ಅದು ಬಿಟ್ಟಿಯಾಗಿ ಸಿಕ್ಕಿದ್ದರಿಂದ ನಮ್ಮ ಗಮನಕ್ಕೇ ಬರುವುದಿಲ್ಲ. ತಪ್ಪು ಮಾಡಿದವನು ಯಾರೆಂದು ನಮಗೆ ಗೊತ್ತಿರುತ್ತದೆ. ಕೀಚಕ ಒದ್ದದ್ದನ್ನು ನಾವು ನೋಡಿದ್ದೇವೆ. ಸಿನಿಮಾದಲ್ಲಿ ಖಳ ಹುಡುಗಿಯನ್ನು ಕಾರಿಗೆ ಎಳೆದುಕೊಂಡದ್ದನ್ನು ಕ್ಯಾಮೆರಾ ನಮಗೆ ತೋರಿಸಿದೆ. ಕೋರ್ಟಿನಲ್ಲಿ ವಕೀಲ ಸಾಕ್ಷಿ ಸಾಲದು ಎಂದಾಗ ನಮಗೆ ಸಿಟ್ಟು ಬರುವುದು ಅದಕ್ಕೆ. ಎಲ್ಲರಿಗಿಂತ ದೊಡ್ಡ ಸಾಕ್ಷಿ ನಾವೇ ಇಲ್ಲಿ ಕೂತಿದ್ದೇವಲ್ಲ! ಕತೆಗಾರ ದೇವರ ಹಾಗೆ ಜಾಮೀನು ನಿಂತಿರುತ್ತಾನೆ, ಇವನೇ ಅಪರಾಧಿ, ಅನುಮಾನ ಬೇಡ ಎಂದು. ತನಿಖೆ, ಪಾಟೀಸವಾಲು, ಮೇಲ್ಮನವಿ ಎಲ್ಲ ಇರುವುದು ಮನುಷ್ಯರಿಗೆ ಆ ಖಾತರಿ ಇಲ್ಲ ಎಂಬ ಒಂದೇ ಕಾರಣಕ್ಕೆ. ಖಾತರಿ ಮೊದಲೇ ಕೈಯಲ್ಲಿದ್ದರೆ ಅವೆಲ್ಲ ಬರೀ ತಡೆಗಳಾಗಿ ಕಾಣುತ್ತವೆ, ನಾಯಕ ಆ ತಡೆಗಳನ್ನು ಮುರಿದರೆ ದಾರಿ ಸುಗಮವಾದ ಹಾಗೆ ಅನ್ನಿಸುತ್ತದೆ.

ಹೊರಗಿನ ಲೋಕದಲ್ಲಿ ಆ ಜಾಮೀನುದಾರ ಇಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ ಆದದ್ದನ್ನು ಕಲ್ಯಾಣ ಕರ್ನಾಟಕದವರು ಮರೆಯಬಾರದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಜನ ಸೇರಿ ಹೊಡೆದರು, ಒಬ್ಬ ಯುವಕ ಸತ್ತ. ಹೊಡೆದವರು ಆ ಹೊತ್ತಿನಲ್ಲಿ ತಮ್ಮನ್ನು ಗೂಂಡಾಗಳು ಅಂದುಕೊಂಡಿರಲಾರರು. ಮಕ್ಕಳನ್ನು ಉಳಿಸುತ್ತಿದ್ದೇವೆ ಎಂಬ ಬಿಸಿಯಲ್ಲೇ ಕೈ ಎತ್ತಿರುತ್ತಾರೆ. ಬಯಲಾಟದ ರಾತ್ರಿ ನಮ್ಮೆದೆಯಲ್ಲಿ ಎದ್ದದ್ದೂ ಅದೇ ಬಿಸಿ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು.

2019ರ ಡಿಸೆಂಬರ್ 6ರದ್ದು ಇನ್ನೂ ಗೋಜಲಿನದು. ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಮಾಡಿ ಸುಟ್ಟುಹಾಕಿದ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಆ ಬೆಳಿಗ್ಗೆ ನಾನು ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತಿದ್ದ ಹೋಟೆಲಿನಲ್ಲಿ ಟಿವಿ ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ಮೇಲೆದ್ದಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಆರೋಪಿಗಳ ಸಾವೇ ಉದ್ದೇಶವಾಗಿ, ಬೇಕೆಂದೇ ಗುಂಡು ಹಾರಿಸಲಾಗಿತ್ತು ಎಂದು ಅದು ಹೇಳಿತು. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂದೂ ಹೇಳಿತು. ಆ ವರದಿ ಬಂದ ದಿನ ಅದೇ ಹೋಟೆಲಿನಲ್ಲಿ ಅದರ ಬಗ್ಗೆ ಒಬ್ಬರೂ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಆ ನಾಲ್ವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದನ್ನು ಯಾವ ಕೋರ್ಟೂ ಇನ್ನು ಹೇಳಲಾರದು. ಸತ್ತ ಆ ಹೆಣ್ಣುಮಗಳಿಗೂ ತೀರ್ಪು ಸಿಗಲಿಲ್ಲ.

ಇಲ್ಲಿ ವಿರಾಟನ ಮಾತು ಮತ್ತೆ ಎದುರು ಬರುತ್ತದೆ. ನಾನು ಕಾಣದ್ದರ ಮೇಲೆ ಹೇಗೆ ತೀರ್ಪು ಕೊಡಲಿ? ಅವನ ಬಾಯಲ್ಲಿ ಅದು ಹೇಡಿತನ, ಯಾಕೆಂದರೆ ಒದ್ದದ್ದು ಅವನ ಸಿಂಹಾಸನದ ಎದುರಿಗೇ. ಆದರೆ ಮುರ್ಕಿಯಲ್ಲಿ ಆ ಗುಂಪಿನೊಳಗೆ ಒಬ್ಬನೇ ಒಬ್ಬ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತು. ಒಂದೇ ಪ್ರಶ್ನೆ ಒಂದು ಕಡೆ ನ್ಯಾಯದ ಅಡಿಪಾಯ, ಇನ್ನೊಂದು ಕಡೆ ಬಲಾಢ್ಯನಿಗೆ ಹಿಡಿದ ಕೊಡೆ. ಕತೆಗಳು ನಮಗೆ ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ತೋರಿಸುತ್ತವೆ.

ಪಾತ್ರ ಕಟ್ಟಿದವರಿಗೇ ತಮ್ಮ ಪಾತ್ರದ ಬಗ್ಗೆ ಕಳವಳವಾದದ್ದುಂಟು. ಪನಿಷರ್ 1974ರಲ್ಲಿ ಮೊದಲು ಕಾಣಿಸಿಕೊಂಡದ್ದು ಸ್ಪೈಡರ್‌ಮ್ಯಾನ್ ಕತೆಯೊಂದರಲ್ಲಿ, ಅದೂ ನಾಯಕನಿಗೆ ಎದುರಾಳಿಯಾಗಿ. ಹೆಂಡತಿ ಮಕ್ಕಳನ್ನು ಪಾತಕಿಗಳ ಗುಂಡಿಗೆ ಕಳೆದುಕೊಂಡು ತಾನೂ ಕೊಲೆಗಾರನಾದ ಮಾಜಿ ಸೈನಿಕ ಅವನು. ಎದೆಯ ಮೇಲೆ ದೊಡ್ಡ ತಲೆಬುರುಡೆ. ಮುಂದೆ ಆ ಬುರುಡೆಯನ್ನು ಅಮೆರಿಕದ ಸೈನಿಕರು, ಪೊಲೀಸರು ತಮ್ಮ ಬಟ್ಟೆಗೆ, ವಾಹನಕ್ಕೆ ಅಂಟಿಸಿಕೊಳ್ಳತೊಡಗಿದರು. ಅವನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಗೆರ್ರಿ ಕಾನ್ವೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಆ ಪಾತ್ರ ನ್ಯಾಯವ್ಯವಸ್ಥೆ ಸೋತದ್ದರ ಗುರುತು, ಆ ವ್ಯವಸ್ಥೆಯನ್ನು ನಡೆಸಬೇಕಾದವರೇ ಅದನ್ನು ತೊಡುವುದು ಸಲ್ಲದು ಎನ್ನುವುದು ಅವರ ವಾದ. ನನಗೆ ಈ ವಾದ ಪೂರಾ ಸರಿ ಅನ್ನಿಸುತ್ತದೆ. ಭೀಮ ಅಡುಗೆಮನೆಯಿಂದ ಎದ್ದು ಬರುವುದಕ್ಕೂ, ಸೇನಾಪತಿಯೇ ನಾನು ಭೀಮ ಎನ್ನುವುದಕ್ಕೂ ಅಜಗಜಾಂತರ.

ನಮ್ಮ ಕಡೆ ಈ ನಾಯಕನ ಚರಿತ್ರೆಯಲ್ಲಿ ಒಂದು ತಿರುವು ಇದೆ. ಕಂಪನಿ ನಾಟಕದ ಸಿಂಧೂರ ಲಕ್ಷ್ಮಣ, ಲಾವಣಿಯ ಹಲಗಲಿ ಬೇಡರು, 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯ, ಇವರ ಕತೆಗಳಲ್ಲಿ ಕಾನೂನೇ ಪರಕೀಯರದು. ಅದನ್ನು ಮುರಿಯುವುದರಲ್ಲಿ ಕೇಳುಗನಿಗೆ ಯಾವ ಅಳುಕೂ ಇರಲಿಲ್ಲ. ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ಇಂಥವರನ್ನು ಜಗತ್ತಿನಾದ್ಯಂತ ಹುಡುಕಿ 1969ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸರ್ಕಾರ ಡಕಾಯಿತ ಎಂದವನನ್ನು ರೈತಾಪಿ ಜನ ತಮ್ಮವನೆಂದು ಹೇಗೆ ಕಾಪಾಡುತ್ತಾರೆ ಎಂಬುದು ಅದರ ವಿಷಯ. ಸ್ವಾತಂತ್ರ್ಯ ಬಂದ ಮೇಲೆ ಕಾನೂನು ನಮ್ಮದೇ ಆಯಿತು. ಆಗ ಕತೆಯ ನಾಯಕನೂ ಬದಲಾದ. 1981ರ ಇನ್‌ಸ್ಪೆಕ್ಟರ್ ಸರ್ಕಾರದ ಸಂಬಳ ತಿನ್ನುವವನು, 1996ರ ಮುದುಕ ಈ ಸರ್ಕಾರ ಬರಲಿ ಎಂದು ಹೋರಾಡಿದವನು. ಮನೆ ಕಟ್ಟಿದವನೇ ಮನೆಯ ತೊಲೆಗೆ ಕೊಡಲಿ ಹಾಕುವ ಕತೆಗಳಿವು. ಅದಕ್ಕೇ ಇವುಗಳಲ್ಲಿ ಸಿಂಧೂರ ಲಕ್ಷ್ಮಣನ ಕತೆಯಲ್ಲಿಲ್ಲದ ಒಂದು ಸಂಕಟ ಇರುತ್ತದೆ.

ಆ ಸಂಕಟಕ್ಕೆ ಕಾರಣಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಬಳ್ಳಾರಿ, ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಮುಗಿಯದೆ, ಬೇವಿನ ಮರದ ಎಲೆ ಕೂಡ ಕೆಂಪಗಾಗಿದ್ದ ವರ್ಷಗಳನ್ನು ನಾವು ಕಂಡಿದ್ದೇವೆ. ಕಣ್ಣೆದುರಿಗೆ ಗುಡ್ಡ ಕರಗುತ್ತಿತ್ತು, ಕೇಳುವವರಿರಲಿಲ್ಲ. ಆ ದಿನಗಳಲ್ಲಿ ನಮ್ಮ ಹುಡುಗರೆಲ್ಲ ಯಾರಾದರೂ ಒಬ್ಬ ಬಂದು ಇವರನ್ನೆಲ್ಲ ಮಟ್ಟ ಹಾಕುವ ಸಿನಿಮಾ ಕನಸುತ್ತಿದ್ದರು. ಬಂದದ್ದು ಒಂದು ವರದಿ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರಿಗಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಪರ್ಮಿಟ್ಟು, ಬಂದರಿನ ದಾಖಲೆ, ಬ್ಯಾಂಕಿನ ಲೆಕ್ಕ ಒಂದಕ್ಕೊಂದು ತಾಳೆ ಹಾಕಿ, ಬೊಕ್ಕಸಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಂದು 2011ರ ಜುಲೈನಲ್ಲಿ ಮುಂದಿಟ್ಟರು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು. ಅಷ್ಟು ದೊಡ್ಡ ಕೆಲಸ ಯಾರ ಕಾಲರ್ ಹಿಡಿಯದೆ ಆಯಿತು.

ಆದರೆ ಅದಿರಿನ ಲೆಕ್ಕ ತಾಳೆ ಹಾಕುವುದನ್ನು ಅಟ್ಟದ ಮೇಲೆ ಆಡಿಸಲು ಆಗುವುದಿಲ್ಲ. ಕತೆಗೆ ಒಂದು ಮುಖ ಬೇಕು, ಒಂದು ರಾತ್ರಿ ಬೇಕು. ನೂರಾರು ಸಹಿಗಳು ಸೇರಿ ಆದ ಅನ್ಯಾಯಕ್ಕೆ ಮುಖ ಇರುವುದಿಲ್ಲ, ಹತ್ತು ವರ್ಷ ಎಳೆದ ನ್ಯಾಯಕ್ಕೆ ರಾತ್ರಿ ಇರುವುದಿಲ್ಲ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮುಂದೆ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ನಾನು ಆ ತೀರ್ಪಿನ ಸುದ್ದಿ ಓದುವಾಗ ಯೋಚಿಸಿದ್ದು ಆ ಹತ್ತು ವರ್ಷ ಅದೇ ಊರಿನಲ್ಲಿ, ಅದೇ ಬಾವಿ, ಅದೇ ಬಸ್‌ಸ್ಟಾಂಡು, ಅದೇ ಕಿರಾಣಿ ಅಂಗಡಿಯ ನಡುವೆ ಬದುಕಿ, ಕರೆದಾಗಲೆಲ್ಲ ಕೋರ್ಟಿಗೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿದ ಸಾಕ್ಷಿಗಳನ್ನು. ಭೀಮನಿಗೆ ಬೇಕಾದದ್ದು ಒಂದು ರಾತ್ರಿಯ ಎದೆಗಾರಿಕೆ. ಅವರಿಗೆ ಬೇಕಾದದ್ದು ಸಾವಿರಾರು ಹಗಲುಗಳದು. ಅವರ ಎದೆಗೆ ನೋಟು ಚುಚ್ಚುವ ಕತೆಯನ್ನು ನಾವಿನ್ನೂ ಬರೆದಿಲ್ಲ ಎಂಬುದು ನನಗೆ ನಾಚಿಕೆಯ ವಿಷಯವಾಗಿ ಕಾಣುತ್ತದೆ.

ಹಾಗೆಂದು ದೊಡ್ಡವ್ವನ ಕೂಗು ತಪ್ಪು ಎಂದು ನಾನು ಹೇಳಲಾರೆ. ದೇಶದ ಕೋರ್ಟುಗಳಲ್ಲಿ 5 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇರುವಾಗ, ಕತ್ತಲಲ್ಲಾದರೂ ಒಬ್ಬ ಎದ್ದು ಕೂತು ಕೇಳಿದ ಎಂಬ ಕತೆ ಜನರ ಎದೆಯಲ್ಲಿ ಒಂದು ಅಳತೆಗೋಲನ್ನು ಉಳಿಸಿರುತ್ತದೆ. ಇದು ಅನ್ಯಾಯ, ಇದಕ್ಕೆ ಉತ್ತರ ಬೇಕಿತ್ತು ಎಂಬ ಅಳತೆ. ಅದೂ ಸತ್ತುಹೋದರೆ ವಿರಾಟನ ಸಭೆಯೇ ಸಹಜ ಅನ್ನಿಸಿಬಿಡುತ್ತದೆ. ಅಪ್ಪ ಒಂಬತ್ತು ವರ್ಷವೂ ಪ್ರತಿ ಸೋಮವಾರ ಬಿಳಿ ಅಂಗಿ ಹಾಕಿಕೊಂಡು ಹೊರಟದ್ದರಲ್ಲಿ ಆ ಸಿನಿಮಾಗಳ ಪಾಲೂ ಇದ್ದೀತು ಎಂದು ನಾನು ನಂಬಿದ್ದೇನೆ.

ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ, ಆ ರಾತ್ರಿ ದ್ರೌಪದಿಯಾಗಿದ್ದ ಅಜ್ಜನನ್ನು ಕಟ್ಟೆಯ ಮೇಲೆ ಮಾತಾಡಿಸಿದೆ. ಕೀಚಕ ಸತ್ತ ಮೇಲೆ ಕತೆ ಇನ್ನೂ ಐತಲ್ಲಜ್ಜ, ಅದನ್ನ ಯಾಕ ಆಡಂಗಿಲ್ಲ ಎಂದು ಕೇಳಿದೆ. ಅಜ್ಜ ಎಲೆಗೆ ಸುಣ್ಣ ಸವರುತ್ತ, "ಅಷ್ಟೊತ್ತಿಗೆ ಬೆಳಕು ಹರೀತಿತ್ತಪ್ಪ. ಮಂದಿ ಚಾಪಿ ಸುತ್ತಿಕೊಂಡು ಎದ್ದೇಬಿಡೋರು. ಮಂಗಳ ಹಾಡಿ ಮುಗಿಸ್ತಿದ್ವಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮಂದಿ ನೋಡದ ಆ ಭಾಗವನ್ನು ತಾವೇ ಹೇಳಿದರು.

ಬೆಳಗಾದ ಮೇಲೆ ಕೀಚಕನ ದಾಯಾದಿಗಳು ಬರುತ್ತಾರೆ, 105 ಜನ. ಇವಳಿಂದಲೇ ನಮ್ಮವನು ಸತ್ತದ್ದು ಎಂದು ಸೈರಂಧ್ರಿಯನ್ನು ಕೀಚಕನ ಹೆಣದ ಜೊತೆಗೆ ಕಟ್ಟಿ ಸುಡಲು ಹೊರಡುತ್ತಾರೆ. ರಾಜ ಅದಕ್ಕೂ ಒಪ್ಪಿಗೆ ಕೊಟ್ಟಿರುತ್ತಾನೆ. ಅವಳ ಕೂಗು ಕೇಳಿ ಭೀಮ ಗೋಡೆ ಹಾರಿ ಸ್ಮಶಾನಕ್ಕೆ ಓಡಿ, ಮರ ಕಿತ್ತು ಅಷ್ಟೂ ಜನರನ್ನು ಕೊಂದು, ಯಾರ ಕಣ್ಣಿಗೂ ಬೀಳದೆ ಮತ್ತೆ ಅಡುಗೆಮನೆ ಸೇರುತ್ತಾನೆ. ಕೊಂದವರು ಅವಳ ಗಂಧರ್ವ ಗಂಡಂದಿರೆಂದು ಊರಿಡೀ ಹೆದರುತ್ತದೆ. ಸೈರಂಧ್ರಿ ಮೈ ತೊಳೆದುಕೊಂಡು ಬೀದಿಯಲ್ಲಿ ನಡೆದು ಬರುವಾಗ ಗಂಡಸರು ಕಣ್ಣು ಮುಚ್ಚಿಕೊಂಡು ಓಡುತ್ತಾರೆ. ವಿರಾಟ ಈಗಲೂ ಅವಳ ದೂರನ್ನು ಕೇಳುವುದಿಲ್ಲ, ಅವಳು ನಮ್ಮ ಊರು ಬಿಟ್ಟು ಹೋಗಲಿ ಎಂದು ರಾಣಿಯ ಕೈಯಲ್ಲಿ ಹೇಳಿಸುತ್ತಾನೆ. ಒದೆಸಿಕೊಂಡವಳು, ಸುಡಿಸಿಕೊಳ್ಳುತ್ತಿದ್ದವಳು ಅರಮನೆಯ ಬಾಗಿಲಲ್ಲಿ ನಿಂತು, ಇನ್ನು 13 ದಿನ ಇರಲು ಬಿಡಿ ಎಂದು ಕೇಳಿಕೊಳ್ಳುತ್ತಾಳೆ.

"ಆ ಮಾತು ನನಗ ಬಾಯಿಪಾಠ ಇತ್ತು" ಎಂದರು ಅಜ್ಜ. "ಒಮ್ಮಿನೂ ಆಡಾಕ ಸಿಗಲಿಲ್ಲ."